ಶೀಗೀ ಹುಣ್ಣಿಮೆಯ ಬುತ್ತಿ

ಒಮ್ಮೆ ಇಂಗ್ಲಿಷ್ ಶಿಕ್ಷಕರು ರಜೆಯ ಮೇಲೆ ಹೋದಾಗ ಎಂಟನೆಯ ತರಗತಿಗೆ ಅವರ ಪಾಠ ಮಾಡುವ ಪಾಳಿ ನನ್ನ ಪಾಲಿಗೆ ಬಂತು. ನನ್ನ ವಿಷಯ ಕನ್ನಡ ಮತ್ತು ಸಮಾಜ ವಿಜ್ಞಾನ. ಪಾಠದಲ್ಲಿ ‘ಆಟಮ್’ ಎಂಬ ಶಬ್ದ ಬಂತು. ‘ಶರದೃತು’ ಎಂದು ಬೋರ್ಡಿನ ಮೇಲೆ ಬರೆದೆ. ಮಕ್ಕಳ ಮುಖದಲ್ಲಿ ಏನೂ ಕಾಣಲಿಲ್ಲ. ಎಲೆ ಹಣ್ಣಾಗಿ ಉದುರುವ ಕಾಲ ಎಂದು ಪುಸ್ತಕದಲ್ಲಿ ಚಿತ್ರ ಬೇರೆ ಇತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಟೀಚರ್ರ, ಆ ಹೊತ್ತಿನ್ಯಾಗ ನಮ್ಮ ಕಡೆ ಎಲಿ ಎಲ್ಲಿ ಉದುರತಾವರಿ? ಹೊಲಾ ಎಲ್ಲಾ ಹಸರ ಇರತಾವಲ್ರಿ” ಎಂದ. ಅವನು ಹೇಳಿದ್ದು ಖರೆ. ಬರೆದದ್ದನ್ನು ಒರೆಸಿ, ‘ದಸರೆಯಿಂದ ಶೀಗೀ ಹುಣ್ಣಿಮೆ, ಅಲ್ಲಿಂದ ದೀಪಾವಳಿ’ ಎಂದು ಬರೆದೆ. ಇಡೀ ತರಗತಿಗೆ ತಿಳಿಯಿತು. ತಿಳಿಯಿತು ಅನ್ನುವುದಕ್ಕಿಂತ ಎಲ್ಲರ ಬಾಯಲ್ಲಿ ನೀರು ಬಂತು ಅನ್ನಬೇಕು.

ನಮ್ಮ ಭಾಗದ ಹಸಿವಿಗೂ ಒಂದು ಪಂಚಾಂಗವಿದೆ. ಶ್ರಾವಣದಲ್ಲಿ ಸೋಮವಾರ, ಶನಿವಾರವೆಂದು ಒಪ್ಪತ್ತು. ಭಾದ್ರಪದದಲ್ಲಿ ಗಣಪತಿಯ ಕಡಬು ತಿಂದದ್ದೇ ನೆನಪು, ಹಿಂದೆಯೇ ಪಕ್ಷಮಾಸ. ಮಳೆಯ ಥಂಡಿಗೆ ಜೋಳದ ಹಿಟ್ಟು ಜಿಗುಟು ಕಳೆದುಕೊಂಡಿರುತ್ತದೆ, ಹಪ್ಪಳ ಮೆತ್ತಗಾಗಿರುತ್ತದೆ, ಬೇಸಿಗೆಯಲ್ಲಿ ಕುಟ್ಟಿಸಿಟ್ಟ ಖಾರ ಡಬ್ಬಿಯಲ್ಲಿ ಗಂಟು ಕಟ್ಟಿರುತ್ತದೆ. ನವರಾತ್ರಿ ಬಂತೆಂದರೆ ಬಿಸಿಲು ಚುರುಕಾಗುತ್ತದೆ, ಅದರ ಬೆನ್ನಿಗೇ ಹೊಟ್ಟೆಯೂ. ಹಸಿ ಶೇಂಗಾ ಬಳ್ಳಿಸಮೇತ ಸಂತೆಗೆ ಬರುತ್ತದೆ. ಹೊಸ ಹೆಸರು, ಮಡಿಕೆ ಕಾಳು ಬರುತ್ತವೆ. ಮುಳ್ಳು ಬದನೆ ಮೈ ಮಿಂಚಿಸಿಕೊಂಡು ಬುಟ್ಟಿಯಲ್ಲಿ ಕೂತಿರುತ್ತದೆ. ಪುಂಡಿ ಸೊಪ್ಪಿನ ಹುಳಿ ಏರಿರುತ್ತದೆ. ಸಂಜೆ ಬೇಗ ಕತ್ತಲಾಗಿ, ಒಲೆಯ ಮುಂದೆ ಕೂತವರಿಗೆ ಏಳುವ ಮನಸ್ಸಾಗುವುದಿಲ್ಲ.

ಹಾವೇರಿ ಎಂದರೆ ಹೊರಗಿನವರಿಗೆ ಏಲಕ್ಕಿ ಹಾರ. 2023ರ ಜನವರಿಯಲ್ಲಿ ನಮ್ಮೂರಿನಲ್ಲಿ 86ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಬಂದಿದ್ದ ನನ್ನ ಬಿ.ಇಡಿ. ಗೆಳತಿ, “ಇಷ್ಟು ಏಲಕ್ಕಿ ಇರೋ ಊರಲ್ಲಿ ಪಾಯಸ ಭರ್ಜರಿ ಮಾಡ್ತೀರಿ ಅಲ್ವಾ” ಎಂದು ಕೇಳಿದ್ದಳು. ಏಲಕ್ಕಿ ಮಲೆನಾಡಿನದು, ಹಾರ ಸತ್ಕಾರದ್ದು. ಅದನ್ನು ಬಿಚ್ಚಿ ಪಾಯಸಕ್ಕೆ ಹಾಕಿದವರನ್ನು ನಾನು ಕಂಡಿಲ್ಲ. ಅವಳಿಗೆ ಆವೊತ್ತು ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು ಬಡಿಸಿದೆ. ಊರಿಗೆ ಹೋದ ಮೇಲೂ ಫೋನು ಮಾಡಿ ಗುರೆಳ್ಳು ಎಂದರೇನೆಂದು ಎರಡು ಸಲ ಕೇಳಿದಳು.

ನಾನು ಹೇಳಲು ಹೊರಟಿರುವುದು 2024ರ ದಸರೆಯ ಒಂದು ವಾರದ ಮಾತು. ಮನೆಯಲ್ಲಿ ಉಂಡದ್ದು, ಊರಿನ ಹೊರಗೆ ಉಂಡದ್ದು, ನಡುವೆ ಗಂಟಲಲ್ಲಿ ಸಿಕ್ಕಿಕೊಂಡದ್ದು.

ಅಕ್ಟೋಬರ್ 11, ಶುಕ್ರವಾರ ಆಯುಧಪೂಜೆ. ನಮ್ಮ ಮನೆಯವರ ಸ್ಕೂಟರಿಗೆ ಚೆಂಡುಹೂವಿನ ಮಾಲೆ ಬಿದ್ದಿತು. ನನ್ನ ಆಯುಧಗಳು ಅಡುಗೆಮನೆಯಲ್ಲಿವೆ: ಈಳಿಗೆಮಣೆ, ಒಳಕಲ್ಲು, ಮಿಕ್ಸರು, ಕೆಂಪು ಶಾಯಿಯ ಒಂದು ಪೆನ್ನು. ಎಲ್ಲಕ್ಕೂ ವಿಭೂತಿ, ಕುಂಕುಮ ಹಚ್ಚಿದೆ. ಮರುದಿನ ವಿಜಯದಶಮಿಗೆ ಹೋಳಿಗೆ, ಕಟ್ಟಿನ ಸಾರು. ಸಂಜೆ ಬನ್ನಿ ಕೊಡಲು ಬರುವವರು ಬಂದು ಹೋಗಿ ಮನೆ ತಣ್ಣಗಾದ ಮೇಲೆ ತಮ್ಮನ ಫೋನು ಬಂತು.

“ಅಕ್ಕಾ, ಬನ್ನಿ ತಗೊಂಡು ಬಂಗಾರದಂಗ ಇರೂಣು.”

“ಇರೂಣು ತಮ್ಮಾ. ಅವ್ವ ಹ್ಯಾಂಗದಾಳ?”

“ಅದಾಳ. ಶೀಗೀ ಹುಣ್ಣಿಮಿಗೆ ಇಬ್ಬರೂ ಬರ್ರಿ. ಒಂದ ದಿನಾ ಮೊದಲ ಬರ್ರಿ. ಗುರುವಾರ ವಾಲ್ಮೀಕಿ ಜಯಂತಿ, ಆಫೀಸು ಸೂಟಿ. ಬುಧವಾರ ಕಾಗದ ಮುಗಿಸಿ ಬಿಡೂಣು.”

ಕಾಗದವೆಂದರೆ ಹಕ್ಕು ಬಿಡುಗಡೆ ಪತ್ರ. ನಮ್ಮ ತವರು ಬ್ಯಾಡಗಿಯಿಂದ ಕಾಗಿನೆಲೆ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ. ನಾಲ್ಕು ಎಕರೆ ಹೊಲ. ಅದರಲ್ಲಿ ರಸ್ತೆಗೆ ಹತ್ತಿದ ಒಂದೂವರೆ ಎಕರೆಯನ್ನು ಪ್ಲಾಟು ಮಾಡುವವರೊಬ್ಬರು ಕೇಳಿದ್ದರು. ಅಪ್ಪ 2003ರಲ್ಲಿ ತೀರಿಕೊಂಡ ಮೇಲೆ ಉತಾರದಲ್ಲಿ ತಮ್ಮನ ಹೆಸರೊಂದೇ ಇತ್ತು. ಆದರೆ ಕೊಳ್ಳುವವರ ವಕೀಲರು ಅಕ್ಕತಂಗಿಯರ ಸಹಿ ಇಲ್ಲದೆ ಆಗುವುದಿಲ್ಲ ಎಂದಿದ್ದರಂತೆ. ಮೂರು ತಿಂಗಳಿಂದ ಈ ಮಾತು ನಡೆದಿತ್ತು. ನಾನು ಹೂಂ ಎಂದಿದ್ದೆ. ನನಗೆ ಸಂಬಳವಿದೆ, ಹಾವೇರಿಯಲ್ಲಿ ಸ್ವಂತ ಮನೆಯಿದೆ, ಮಗ ದುಡಿಯುತ್ತಿದ್ದಾನೆ. ತಮ್ಮನಿಗೆ ಸಾಲವಿದೆ. ಸಹಿ ಮಾಡುವುದು ದೊಡ್ಡ ಗುಣವೆಂದು ನನಗೆ ನಾನೇ ಅಂದುಕೊಂಡಿದ್ದೆ.

ಭಾನುವಾರ ಬಿಸಿಲು ಕಂಡದ್ದರಿಂದ ಚಟ್ನಿಪುಡಿಗಳಿಗೆ ಕೂತೆ. ತವರಿಗೆ ಬರಿಗೈಯಲ್ಲಿ ಹೋಗಬಾರದಲ್ಲ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಶೇಂಗಾ ಚಟ್ನಿಯನ್ನು ಮಿಕ್ಸರಿಗೆ ಹಾಕಿದರೆ ಪುಡಿಯಾಗುತ್ತದೆ, ಚಟ್ನಿಯಾಗುವುದಿಲ್ಲ. ಒಳಕಲ್ಲಿನಲ್ಲಿ ಕುಟ್ಟಿದಾಗ ಶೇಂಗಾದ ಎಣ್ಣೆ ಬಿಟ್ಟುಕೊಂಡು, ಬೆಳ್ಳುಳ್ಳಿಯೂ ಖಾರವೂ ಅದರಲ್ಲಿ ಕೂಡಿಕೊಂಡು ಹಿಡಿದರೆ ಮುದ್ದೆ, ಬಿಟ್ಟರೆ ಪುಡಿ ಎಂಬಂತೆ ಇರುತ್ತದೆ. ನನ್ನ ಮೊಣಕೈ ನೋವಿಗೆ ಡಾಕ್ಟರು ಬೇಡವೆಂದಿದ್ದಾರೆ. ವರ್ಷಕ್ಕೊಮ್ಮೆ ಡಾಕ್ಟರ ಮಾತು ಮೀರುತ್ತೇನೆ.

ಸೋಮವಾರ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಸೋಮವಾರ, ಗುರುವಾರ ಅಲ್ಲಿ ವ್ಯಾಪಾರ. ಹೊಸ ಕಾಯಿ ಬರುವುದು ಬೇಸಿಗೆಯ ಬಾಯಿಗೆ. ಅಕ್ಟೋಬರಿನಲ್ಲಿ ಸಿಗುವುದು ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಕಾಯಿ. ನನ್ನ ಖಾರದ ಡಬ್ಬಿ ತಳ ಕಂಡಿದ್ದರಿಂದ ಪರಿಚಯದ ಅಂಗಡಿಯವರಿಗೆ ಹೇಳಿ ಎರಡು ಕಿಲೋ ಕಡ್ಡಿ ಕಾಯಿ ತರಿಸಿಕೊಂಡೆ. ಕಡ್ಡಿ ಎಂದರೆ ಉದ್ದ, ಸಪೂರ, ಬೀಜ ಕಡಿಮೆ. ಡಬ್ಬಿ ಎಂದರೆ ಗಿಡ್ಡ, ದಪ್ಪ, ಬೀಜ ಹೆಚ್ಚು. ಎರಡರದೂ ಅಜ್ಜಿಯ ಗಲ್ಲದಂಥ ನಿರಿಗೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಈ ಬಣ್ಣವನ್ನು ಎಣ್ಣೆಯ ರೂಪದಲ್ಲಿ ತೆಗೆದು ದೂರದ ದೇಶಗಳಿಗೆ ಕಳಿಸುತ್ತಾರೆ, ತುಟಿಗೆ ಹಚ್ಚುವ ಬಣ್ಣಕ್ಕೂ ಅದು ಹೋಗುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಾಗ ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳಿದ್ದೆ. ಹೇಳದೆ ಬಿಟ್ಟದ್ದೇನೆಂದರೆ, ಬ್ಯಾಡಗಿಯ ಮಾರುಕಟ್ಟೆಗೆ ಬರುವ ಕಾಯಿಯಲ್ಲಿ ಬಹುಪಾಲು ಬಳ್ಳಾರಿ, ರಾಯಚೂರು, ಗದಗ, ಆಚೆ ಆಂಧ್ರದ ಕಡೆಯಿಂದ ಬರುತ್ತದೆ. ನಮ್ಮ ಸುತ್ತಿನ ಹೊಲಗಳನ್ನು ಗೋವಿನಜೋಳ ಹಿಡಿದು ಬಹಳ ವರ್ಷಗಳಾದವು.

ತಮ್ಮ ಹಟದಿಂದ ಮೆಣಸಿನಗಿಡ ಬಿಟ್ಟಿರಲಿಲ್ಲ. 2024ರ ಮಾರ್ಚ್ 11, ಅದೂ ಸೋಮವಾರವೇ, ದರ ಒಮ್ಮೆಲೆ ಬಿದ್ದಿತೆಂದು ರೊಚ್ಚಿಗೆದ್ದ ರೈತರು ಮಾರುಕಟ್ಟೆಯ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಬಿದ್ದ ಸುದ್ದಿ ನೀವೂ ಓದಿರಬೇಕು. ಆ ದಿನ ತಮ್ಮ ತನ್ನ ಚೀಲಗಳ ಮೇಲೆ ಕೂತಿದ್ದ. ಸಂಜೆ ಫೋನಿನಲ್ಲಿ, “ನಾ ಏನೂ ಮಾಡಲಿಲ್ಲ ಅಕ್ಕಾ, ಸುಮ್ಮನ ಕೂತಿದ್ದೆ” ಎಂದಷ್ಟೇ ಹೇಳಿದ. ಆ ವರ್ಷ ಮಳೆ ಬಿದ್ದಾಗ ಅವನೂ ಗೋವಿನಜೋಳ ಹಾಕಿದ. ಅವ್ವ ಆ ಹೊಲಕ್ಕೆ ಹೋಗುವುದನ್ನು ಬಿಟ್ಟಳು.

ಮಂಗಳವಾರ ಬೆಳಗಿನ ಬಸ್ಸಿಗೆ ರಾಣೆಬೆನ್ನೂರಿಗೆ ಹೊರಟೆ. ಅಲ್ಲಿ ಅಕ್ಕನ ಮನೆ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಏಳನೆಯ ಇಯತ್ತೆ ಮುಗಿಸಿ ಬಿಟ್ಟಳು, ಅವಳು ಮನೆಗೆಲಸಕ್ಕೆ ನಿಂತಳೆಂದೇ ನಾನು ಬಿ.ಎ. ವರೆಗೆ ಓದಿದ್ದು. ಭಾವ ಬೀಜದ ಗೋಡೌನೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು, ತೀರಿಕೊಂಡು ಆಗ ಆರು ವರ್ಷವಾಗಿತ್ತು. ಮೋಟೆಬೆನ್ನೂರು ದಾಟುತ್ತಿದ್ದಂತೆ ಮೋಡ ಕವಿಯಿತು. ರಸ್ತೆಯ ಬದಿಗೆ ಗೋವಿನಜೋಳ ಹರವಿದವರು ತಾಡಪತ್ರಿ ಎಳೆಯಲು ಓಡಾಡುತ್ತಿದ್ದರು. ನಾನು ಕಿಟಕಿಯ ಪಕ್ಕದಲ್ಲಿ ಕೂತು ಹುರಿದ ಶೇಂಗಾ ತಿನ್ನುತ್ತಿದ್ದೆ.

ಅಕ್ಕನ ಜೊತೆ ಸಂತೆಗೆ ಹೋದೆ. ಅವ್ವನಿಗೊಂದು ಸೀರೆ, ತಮ್ಮನ ಮಕ್ಕಳಿಗೆ ಅರಿವೆ ಕೊಳ್ಳುವುದಿತ್ತು. ಮುಗಿಸಿ ಹೊರಗೆ ಬರುವ ಹೊತ್ತಿಗೆ ಮಳೆ ಹಿಡಿಯಿತು. ಎದುರಿಗೆ ಒಂದು ಖಾನಾವಳಿ. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. “ನಡಿ ಅಕ್ಕಾ, ಇಲ್ಲೇ ಉಣ್ಣೂಣು” ಎಂದೆ. ಅವಳು ಹಿಂದೆ ಸರಿದಳು. “ಬ್ಯಾಡವಾ, ಮನ್ಯಾಗ ಅನ್ನಾ ಸಾರು ಐತಿ. ಹೆಣಮಕ್ಕಳು ಇಬ್ಬರ ಖಾನಾವಳಿಗೆ ಹೋಗೂದಂದ್ರ ಏನು?” ನಾನು ಅವಳ ಸೆರಗು ಹಿಡಿದು ಎಳೆದುಕೊಂಡೇ ಒಳಗೆ ಹೋದೆ. ಐವತ್ತು ದಾಟಿದ ಮೇಲೆ ಹೆಣ್ಣುಮಕ್ಕಳಿಗೆ ಸಿಗುವ ಸ್ವಾತಂತ್ರ್ಯಗಳಲ್ಲಿ ಇದೂ ಒಂದು. ಯಾರು ನೋಡುತ್ತಾರೆ ಎಂಬ ಅಂಜಿಕೆ ಹೋಗಿರುತ್ತದೆ, ಯಾರೂ ನೋಡುವುದಿಲ್ಲವೆಂದು ಗೊತ್ತಾಗಿರುತ್ತದೆ.

ಮೂಲೆಯ ಟೇಬಲ್ಲಿಗೆ ಕೂತೆವು. ಸ್ಟೀಲಿನ ತಾಟು ಬಂತು. ಝುಣಕ, ಬದನೆಕಾಯಿ ಪಲ್ಯ, ಮೊಳಕೆ ಬಂದ ಮಡಿಕೆ ಕಾಳು, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪಿನ ಪಚಡಿ, ಸಣ್ಣ ಬಟ್ಟಲಲ್ಲಿ ಮೊಸರು. ಮೇಲೆ ಎರಡು ರೊಟ್ಟಿ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವ ಹೆಂಗಸಿಗೆ ಯಾರೋ ಬಡಿಸಿದ ತಾಟು ಬಿಸಿಬಿಸಿಯಾಗಿ ಮುಂದೆ ಬರುವುದೆಂದರೆ ಏನೆಂಬುದು ನಿಮಗೆ ಹೇಳಬೇಕಾಗಿಲ್ಲ. ನಾನು ರೊಟ್ಟಿ ಮುರಿದೆ. ಮುರಿದವಳು ಹಾಗೇ ಕೂತೆ.

ರೊಟ್ಟಿಯಲ್ಲಿ ಕೈ ತಿಳಿಯುತ್ತದೆ. ಎಸರು ಕುದಿಸಿ ಹಿಟ್ಟು ಕಲಸುವಾಗಿನ ಹದ, ನಾದುವಾಗಿನ ಬಲ, ಬಡಿಯುವಾಗ ಎಡಗೈ ತಿರುಗಿಸುವ ರೀತಿ ಒಬ್ಬೊಬ್ಬರದು ಒಂದೊಂದು. ನಮ್ಮ ಅವ್ವ ಅಂಚನ್ನು ಕಾಗದದಷ್ಟು ತೆಳ್ಳಗೆ ಬಡಿಯುತ್ತಾಳೆ, ನಡುವೆ ಒಂದು ಚೂರು ದಪ್ಪ ಬಿಡುತ್ತಾಳೆ. ಹಂಚಿನ ಮೇಲೆ ಹಾಕಿದ ಮೇಲೆ ನೀರಿನ ಅರಿವೆಯನ್ನು ಒಮ್ಮೆಯಲ್ಲ, ಎರಡು ಸಲ ಆಡಿಸುತ್ತಾಳೆ. ಅದಕ್ಕೇ ಅವಳ ರೊಟ್ಟಿಯ ಮೇಲೆ ಒಣಹಿಟ್ಟಿನ ಬಿಳುಪು ಉಳಿಯುವುದಿಲ್ಲ. ತಾಟಿನಲ್ಲಿದ್ದದ್ದು ಅಂಥದ್ದೇ ರೊಟ್ಟಿ. ನಾನು, “ಅಕ್ಕಾ, ನೋಡಿಲ್ಲೆ, ಅವ್ವನ ಕೈ ಇದ್ದಂಗ ಐತಿ” ಎಂದೆ. ಅವಳು ತಲೆ ಎತ್ತಲಿಲ್ಲ. ಅಷ್ಟರಲ್ಲಿ ಪಲ್ಯ ಬಡಿಸುವ ಹುಡುಗ ಬಂದು, “ರೊಟ್ಟಿ ಅಕ್ಕಾರ, ಇವತ್ತ ನೀವ ಉಣ್ಣಾಕ ಬಂದೀರಲ್ರಿ!” ಎಂದು ನಕ್ಕು ಇನ್ನೊಂದು ಸೌಟು ಝುಣಕ ಹಾಕಿ ಹೋದ.

ಹಾಗೆ ತಿಳಿಯಿತು. ನಾಲ್ಕು ವರ್ಷದಿಂದ ಅವಳು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅರವತ್ತು, ಎಪ್ಪತ್ತು ರೊಟ್ಟಿ ಬಡಿದು ಕೊಡುತ್ತಿದ್ದಳು. ಮದುವೆಯ ಸೀಜನ್ನಿನಲ್ಲಿ ನೂರು. ಜೋಳ ಅವರದೇ, ಕಟ್ಟಿಗೆ ಗ್ಯಾಸು ಇವಳದು, ಎಣಿಕೆಯ ಮೇಲೆ ಕೂಲಿ. ಮಗನ ಗ್ಯಾರೇಜಿನ ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮನೆಯ ಹಿಂದಿನ ಗೋಡೆ ಮಳೆಗೆ ಕೂತಿದ್ದನ್ನು ನಾನು ನೋಡಿದ್ದೆ; ಹೊಸದಾಗಿ ಕಟ್ಟಿಸುತ್ತೇವೆಂದು ಹೇಳಿದ್ದಳು, ನಾನು ನಂಬಿದ್ದೆ. ಪ್ರತಿ ಸಲ ಹೋದಾಗಲೂ ಅವಳ ಅಂಗೈಯ ಸುಟ್ಟ ಕಲೆ ನೋಡಿ ಮುಲಾಮು ಹೇಳಿದ್ದೆ.

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ರೊಕ್ಕಾ ಕೊಡತಿದ್ದಿ.”

“ಕೊಟ್ಟರ ತಪ್ಪೇನು?”

“ತಗೊಳ್ಳಾಕ ಆಗತಿದ್ದಿಲ್ಲ. ರೊಟ್ಟಿ ಬಡಿಯಾಕ ಆಗತೈತಿ.”

ನಾನು ಕೇಳಬೇಕಾದ ಮಾತು ಇನ್ನೂ ಇತ್ತು. “ನಾಳಿ ಸಹಿ ಮಾಡತೀಯೇನು?” ಎಂದೆ. ಅವಳು ಮೊಸರಿನ ಬಟ್ಟಲಲ್ಲಿ ಬೆರಳಾಡಿಸುತ್ತ, “ನೀ ಮಾಡೂವಾಕಿ ಅಂದ ಮ್ಯಾಲೆ ನಾ ಹ್ಯಾಂಗ ಬಿಡಲಿ? ಕಲತಾಕಿ ಬಿಟ್ಟುಕೊಟ್ಟಳು, ಕಲೀಲಾರದಾಕಿ ಪಾಲು ಕೇಳಿದಳು ಅಂತಾರ. ತವರಿನ ಬಾಗಲಾ ಮುಚ್ಚತೈತಿ” ಎಂದಳು.

ನಾನು ಹತ್ತು ವರ್ಷದಿಂದ ಸಮಾಜ ವಿಜ್ಞಾನದ ತರಗತಿಯಲ್ಲಿ ಇದೇ ಪಾಠ ಮಾಡಿದವಳು. 1994ರಲ್ಲಿ ನಮ್ಮ ರಾಜ್ಯ ತಂದ ತಿದ್ದುಪಡಿಯಲ್ಲಿ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಬಿಟ್ಟಿದ್ದರು. ಅಕ್ಕನ ಮದುವೆ 1986ರಲ್ಲಿ. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ತಂದೆ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ, ಹಿರಿಯರಿಂದ ಬಂದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದಿತು. ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು, ಹುಡುಗಿಯರಿಂದ ಎರಡೆರಡು ಸಲ ಹೇಳಿಸಿದ್ದೇನೆ. ನನ್ನ ಒಂದು ಸಹಿಯಿಂದ ನನಗೆ ಹೋಗುವುದು ಏನೂ ಇರಲಿಲ್ಲ. ಅಕ್ಕನಿಗೆ ಒಂದು ಗೋಡೆ, ಒಂದು ಛಾವಣಿ ಹೋಗುತ್ತಿತ್ತು. ನನ್ನ ದೊಡ್ಡ ಗುಣದ ಬೆಲೆಯನ್ನು ಅವಳು ಕೊಡುವವಳಿದ್ದಳು. ತಾಟಿನ ರೊಟ್ಟಿ ಆರಿ ಹೋಯಿತು. ಆರಿದರೂ ಬಿಡಲಿಲ್ಲ, ಎರಡನ್ನೂ ಉಂಡೆ.

ಬುಧವಾರ ಇಬ್ಬರೂ ಬ್ಯಾಡಗಿಯಲ್ಲಿ ಇಳಿದೆವು. ತಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ, ಕಂಕುಳಲ್ಲಿ ಪ್ಲಾಸ್ಟಿಕ್ಕಿನ ಫೈಲು. “ಮೊದಲ ನಾಷ್ಟಾ ಮಾಡ್ರಿ” ಎಂದು ಹೋಟೆಲಿಗೆ ಕರೆದುಕೊಂಡು ಹೋಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹ ಹೇಳಿದ. ಮಿರ್ಚಿ ಬಾಣಲೆಯಿಂದ ಇಳಿದದ್ದೇ ಟೇಬಲ್ಲಿಗೆ ಬಂತು. ಮಳೆಗಾಲದ ಕೊನೆಯ ಥಂಡಿಗೆ ಅದಕ್ಕಿಂತ ಒಳ್ಳೆಯ ತಿನಿಸಿಲ್ಲ. ತಮ್ಮ ಸಣ್ಣವನಿದ್ದಾಗ ಮಿರ್ಚಿಯ ಹಿಟ್ಟಷ್ಟನ್ನೇ ತಿಂದು ಒಳಗಿನ ಮೆಣಸಿನಕಾಯಿ ಅಕ್ಕನಿಗೆ ಕೊಡುತ್ತಿದ್ದ. ಆವೊತ್ತೂ ಗೊತ್ತಿಲ್ಲದೆಯೇ ಮೆಣಸಿನಕಾಯಿಯನ್ನು ಎಳೆದು ಅವಳ ಪ್ಲೇಟಿನ ಅಂಚಿಗೆ ಇಟ್ಟ.

ಅದನ್ನು ನೋಡಿ ನನ್ನ ಧೈರ್ಯ ಅರ್ಧ ಇಳಿಯಿತು. ಉಳಿದರ್ಧದಲ್ಲಿ ಹೇಳಿದೆ: “ತಮ್ಮಾ, ಕಾಗದಾ ಇವತ್ತ ಬ್ಯಾಡ.”

“ಯಾಕ?”

“ಮಾರೂದಾದರ ಮಾರೂಣು. ವಾಟ್ನಿ ಆಗಲಿ. ಅಕ್ಕನ ಪಾಲು ಅಕ್ಕಗ ಬರಲಿ.”

“ನಿಂದು?”

“ನಂದೂ ಬರಲಿ. ಆಮ್ಯಾಲೆ ನೋಡೂಣು.”

ಅವನು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಫೈಲನ್ನು ಟೇಬಲ್ಲಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡ. “ರೈಟರಗ ರೊಕ್ಕಾ ಕೊಟ್ಟೀನಿ. ಅವರು ಹನ್ನೊಂದಕ್ಕ ಬರತಾರ” ಎಂದ. ಆಮೇಲೆ ಎದ್ದು ಬಿಲ್ಲು ಕೊಟ್ಟು, ನಮಗೆ ಆಟೋ ಮಾಡಿಸಿ, ತಾನು ಮೋಟರ್ ಸೈಕಲ್ಲಿನಲ್ಲಿ ಹೋದ. ಅವನ ಚಹ ಹಾಗೇ ಇತ್ತು. ಅಕ್ಕ ಪ್ಲೇಟಿನ ಅಂಚಿನ ಮೆಣಸಿನಕಾಯಿ ತಿಂದು, ಕಣ್ಣೊರೆಸಿಕೊಂಡು, “ಖಾರ ಐತಿ” ಎಂದಳು. ಬ್ಯಾಡಗಿಯ ಕಾಯಿಗೆ ಖಾರವಿಲ್ಲ ಎನ್ನುತ್ತಾರೆ. ಮಿರ್ಚಿಗೆ ಹಾಕುವುದು ಬೇರೆ ಕಾಯಿ ಎಂಬುದೂ ಖರೆ.

ಊರು ಮುಟ್ಟಿದಾಗ ತಮ್ಮನ ಹೆಂಡತಿ ಕಾಲಿಗೆ ನೀರು ಕೊಟ್ಟು, “ಬರ್ರಿ ಅಕ್ಕಾರ” ಎಂದಳು. ಅವಳ ಮುಖದಿಂದ ಸುದ್ದಿ ಮುಟ್ಟಿದೆಯೆಂದು ತಿಳಿಯಿತು. ಆದರೆ ಮರುದಿನ ಶೀಗೀ ಹುಣ್ಣಿಮೆ. ಮುನಿಸಿಕೊಳ್ಳಲು ಹೊತ್ತಿಲ್ಲ. ಹಬ್ಬದ ಅಡುಗೆಯ ಗುಣವೇ ಅದು; ಮಾತು ಬಿಟ್ಟವರ ಕೈಗೂ ಒಂದೊಂದು ಕೆಲಸ ಕೊಟ್ಟು ಒಂದೇ ಒಲೆಯ ಸುತ್ತ ಕೂಡಿಸುತ್ತದೆ. ಒಬ್ಬಳು ಹೂರಣಕ್ಕೆ ಕಡಲೆಬೇಳೆ ಇಟ್ಟಳು, ಒಬ್ಬಳು ಎಳ್ಳು ಹುರಿದಳು. ನಾನು ಬದನೆಕಾಯಿಗೆ ಮಸಾಲೆ ತುಂಬಲು ಕೂತೆ: ಹುರಿದ ಶೇಂಗಾ ಪುಡಿ, ಗುರೆಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ, ಮಸಾಲಿ ಖಾರ, ಹುಣಸೆಯ ರಸ, ಒಂದು ಚೂರು ಬೆಲ್ಲ. ಗಾಯಿ ತೊಟ್ಟಿಗೆ ಹತ್ತಿಕೊಂಡಿರುವಂತೆ ನಾಲ್ಕು ಸೀಳು ಸೀಳಿ, ಮಸಾಲೆ ತುಂಬಿ, ಎಣ್ಣೆ ಕೈಬಿಟ್ಟು ಹಾಕಿ, ನೀರು ತೋರಿಸದೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಮರುದಿನ ಹೊಲದಲ್ಲಿ ಅದರ ರುಚಿ ದುಪ್ಪಟ್ಟಾಗುತ್ತದೆ.

ಶೀಗೀ ಹುಣ್ಣಿಮೆ ಎಂದರೆ ಭೂಮಿತಾಯಿಯ ಬಯಕೆಯ ಊಟ. ಪೈರು ಹೊಡೆ ತುಂಬಿ ನಿಂತ ಹೊತ್ತಿನಲ್ಲಿ ಅವಳು ಬಸುರಿ ಎಂದು ನಮ್ಮ ಹಿರಿಯರ ಎಣಿಕೆ. ಬಸುರಿಗೆ ಮಾಡುವಂತೆ ಸಿಹಿ, ಹುಳಿ, ಖಾರ ಎಲ್ಲ ಮಾಡಿ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಿ ಬರುತ್ತಾರೆ. ಅದೇ ಚರಗ. ಕರಿಗಡಬು, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಕುಂಬಳಕಾಯಿ, ಮೊಸರು ಬುತ್ತಿ, ಕೆಂಪು ಚಟ್ನಿ. ರಾತ್ರಿ ಹನ್ನೊಂದರವರೆಗೆ ಅಕ್ಕ ರೊಟ್ಟಿ ಬಡಿದಳು. ತಮ್ಮನ ಹೆಂಡತಿ, “ಎಷ್ಟ ಚಂದ ಬರತಾವರಿ ನಿಮಗ, ನನ್ನು ಹರೀತಾವ” ಎಂದಳು. ಅಕ್ಕನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವ್ವ ಗೋಡೆಗೆ ಒರಗಿ ಕೂತಿದ್ದಳು. ಎಂಬತ್ತು ದಾಟಿದೆ. ಕಿವಿ ಮಂದ, ಬೇಕಾದದ್ದು ಕೇಳಿಸುತ್ತದೆ. ತುಂಬ ಹೊತ್ತಿನ ಮೇಲೆ, “ಮುಂಜಾನಿಂದ ಅಂವಾ ಉಂಡಿಲ್ಲ. ಏನಾತು?” ಎಂದಳು. ನಾನು ಹೇಳಿದೆ. ಅವಳು ಎಳ್ಳಿನಲ್ಲಿಯ ಕಲ್ಲು ಆರಿಸ ಹತ್ತಿದಳು.

“ನಮ್ಮಪ್ಪನ ಹೊಲದ್ದು ನಾನೂ ಬರಕೊಟ್ಟೀನಿ. ಮುಂಡರಿಗಿ ಎಮ್ಮಿ ಮಾರಿದ ವರ್ಷ. ಹೆಬ್ಬಟ್ಟ ಒತ್ತಿಸಿಕೊಂಡು ಒಂದ ಇಳಕಲ್ ಸೀರಿ ಉಡಿಸಿ ಕಳಿಸಿದ್ರು. ಆ ಸೀರಿ ನಿನ್ನ ಬಾಣಂತನಕ್ಕ ದುಪ್ಪಟಿ ಆತು.”

ಯಾರೂ ಮಾತಾಡಲಿಲ್ಲ. ಒಲೆಯ ಮೇಲೆ ಹೂರಣ ತೊಳಸುವ ಸಪ್ಪಳವಷ್ಟೇ.

“ಮೂರೂ ಮಂದಿ ಪಾಲಿನ ಮಾತಾಡೀರಿ” ಎಂದಳು ಅವ್ವ. “ನನ್ನ ಯಾರೂ ಕೇಳಲಿಲ್ಲ.”

ನನಗೆ ಎಣ್ಣೆ ಕೈಯಲ್ಲಿ ಮುಖ ಮುಚ್ಚಿಕೊಳ್ಳುವಂತಾಯಿತು. ಗಂಡನ ಆಸ್ತಿಯಲ್ಲಿ ಹೆಂಡತಿಗೂ ಪಾಲುಂಟು. ಆ ಪಾಠವನ್ನೂ ನಾನು ಮಾಡುತ್ತೇನೆ. ಮಂಗಳವಾರ ಖಾನಾವಳಿಯಲ್ಲಿ ಕೂತು ಅಷ್ಟೆಲ್ಲ ಯೋಚಿಸಿದವಳಿಗೆ ಅವ್ವನ ಹೆಸರು ಹೊಳೆದೇ ಇರಲಿಲ್ಲ. ತಮ್ಮನ ಫೈಲಿನಲ್ಲಿ ಅವಳ ಹೆಬ್ಬೆಟ್ಟಿಗೂ ಒಂದು ಜಾಗವಿದ್ದೀತು, ಅವಳಿಗೆ ಹೇಳಿರಲಿಲ್ಲ ಅಷ್ಟೆ. ಕಡಬಿನ ಅಂಚು ಮಡಿಸುತ್ತಿದ್ದ ತಮ್ಮನ ಹೆಂಡತಿ ಮೆಲ್ಲಗೆ, “ನನ್ನ ತವರಿನ್ಯಾಗೂ ಬರಿಸಿಕೊಂಡಾರರಿ” ಎಂದಳು. ಆವೊತ್ತಿನ ಅಡುಗೆಮನೆಯಲ್ಲಿ ನಾಲ್ಕು ಹೆಂಗಸರು ಕೂತಿದ್ದೆವು. ಇಬ್ಬರು ಬರೆದು ಕೊಟ್ಟಾಗಿತ್ತು, ಇನ್ನಿಬ್ಬರು ಅದೇ ಬೆಳಿಗ್ಗೆ ಪಾರಾಗಿ ಬಂದಿದ್ದೆವು.

ಆಮೇಲೆ ಏನಾಯಿತೆಂದು ಕೇಳುವವರಿಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಆ ಹೊಲ ಮಾರಲಿಲ್ಲ, ಕೊಳ್ಳುವವರು ಬೇರೆ ಹೊಲ ನೋಡಿಕೊಂಡರು. ತಮ್ಮ ಐದು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಅವನ ಸಾಲಕ್ಕೆ ಬಡ್ಡಿ ಏರುತ್ತಿತ್ತು, ಅದು ನನ್ನಿಂದಾದ ಏರಿಕೆ. ನಾನು ಶಿಕ್ಷಕರ ಸೊಸೈಟಿಯಲ್ಲಿ ಸಾಲ ತೆಗೆದು ಅವನಿಗೆ ಕೊಟ್ಟೆ. ಎರಡು ಸಲ ಹಿಂದೆ ಕಳಿಸಿ ಮೂರನೆಯ ಸಲ ತೆಗೆದುಕೊಂಡ. ನನ್ನ ಸಂಬಳದಲ್ಲಿ ಅದರ ಕಂತು ಇನ್ನೂ ಕಡಿಯುತ್ತಿದೆ. ನಮ್ಮ ಮನೆಯವರು, “ಸಹಿ ಮಾಡಿದ್ದರ ಅಗ್ಗ ಆಗತಿತ್ತು” ಎಂದು ಒಮ್ಮೆ ನಕ್ಕರು, ನಾನೂ ನಕ್ಕೆ. ಉತಾರಕ್ಕೆ ಅವ್ವನದೂ ಸೇರಿ ನಾಲ್ಕೂ ಹೆಸರು ಏರಿವೆ. ಅಕ್ಕನ ಗೋಡೆ ಮಾತ್ರ ಇನ್ನೂ ತಗಡಿನದೇ. ಇದನ್ನು ಬರೆಯಲೇ ಎಂದು ಅವಳನ್ನು ಕೇಳಿದೆ. “ಬರಿ. ರೊಟ್ಟಿ ಬಡಿಯೂದು ಕಳವೇನಲ್ಲ. ಹೆಸರ ಹಾಕಬ್ಯಾಡ” ಎಂದಳು.

ಗುರುವಾರ ಬೆಳಿಗ್ಗೆ ಹೊಲವೆಲ್ಲ ಕೆಸರು. ರಾತ್ರಿ ಮಳೆ ಬಿದ್ದಿತ್ತು. ಮೊದಲು ಚಕ್ಕಡಿ ಹೂಡುತ್ತಿದ್ದರು, ಎತ್ತಿನ ಕೊಂಬಿಗೆ ಬಣ್ಣ ಬಳಿದು ಗೆಜ್ಜೆ ಕಟ್ಟುತ್ತಿದ್ದರು. ಈಗ ಪಕ್ಕದ ಮನೆಯವರ ಟ್ರ್ಯಾಕ್ಟರು. ಬುಟ್ಟಿಗಳನ್ನು ಟ್ರೇಲರಿನಲ್ಲಿಟ್ಟು ನಡುವೆ ಅವ್ವನನ್ನು ಕೂಡಿಸಿದೆವು. ಬರುವುದಿಲ್ಲ ಎಂದಿದ್ದವಳು ಬೆಳಿಗ್ಗೆ ನಾನು ತಂದ ಹೊಸ ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದಳು.

ತಮ್ಮ ಮೊದಲೇ ಹೋಗಿ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿದ್ದ. ಗೋವಿನಜೋಳ ತೆನೆ ಬಲಿತು ನಿಂತಿತ್ತು. ಅದರಾಚೆ, ಬದುವಿನ ಅಂಚಿಗೆ, ಎರಡು ಸಾಲು ಮೆಣಸಿನಗಿಡ ಕಂಡವು. ನಾನು ನೋಡುವುದನ್ನು ನೋಡಿ ಅವನು, “ಮನೀಗೆ” ಎಂದ. ಹಿಂದಿನ ದಿನದಿಂದ ನನ್ನೊಡನೆ ಆಡಿದ ಮೊದಲ ಮಾತು ಅದು. ಕಾಯಿ ಇನ್ನೂ ಹಸುರಿತ್ತು, ಒಂದೆರಡು ಮಾತ್ರ ಕೆಂಪು ತಿರುಗಿದ್ದವು. ಅವ್ವ ಅಲ್ಲಿಗೇ ಕಂಬಳಿ ಹಾಸಿಸಿಕೊಂಡಳು.

ಪೂಜೆಯಾಯಿತು. ತಮ್ಮ ಬುಟ್ಟಿ ಹಿಡಿದು ಮುಂದೆ, ಅವನ ಮಗ ತಂಬಿಗೆಯ ನೀರು ಹಿಡಿದು ಹಿಂದೆ, ಕೂಗುತ್ತ ಹೊಲ ಸುತ್ತಿದರು. ಗೋವಿನಜೋಳ ಆಳೆತ್ತರವಿದ್ದದ್ದರಿಂದ ಅವರು ಕಾಣುತ್ತಿರಲಿಲ್ಲ, ಕೂಗು ಮಾತ್ರ ಒಮ್ಮೆ ಆ ಮೂಲೆಯಿಂದ, ಒಮ್ಮೆ ಈ ಮೂಲೆಯಿಂದ ಕೇಳಿಸುತ್ತಿತ್ತು. ಕಡಬು, ಅನ್ನ, ಪಲ್ಯ ಎಲ್ಲ ಎಲೆಗಳ ಮೇಲೆ ಬೀಳುವ ಸಪ್ಪಳವೂ ಕೇಳಿಸಿತು. ಅವರು ತಿರುಗಿ ಬರುವ ಹೊತ್ತಿಗೆ ನಾವು ತಾಟು ಹಚ್ಚಿದ್ದೆವು.

“ಉಣ್ಣು ಬಾ ತಮ್ಮಾ” ಎಂದಳು ಅಕ್ಕ.

ಅವನು ಸ್ವಲ್ಪ ದೂರದಲ್ಲಿ, ಅರ್ಧ ಬೆನ್ನು ಈ ಕಡೆ ಮಾಡಿ ಕೂತ. ಅಕ್ಕ ತಾಟನ್ನು ಅವನ ಮುಂದಿಟ್ಟಳು. ಅವನು ರೊಟ್ಟಿ ಮುರಿದು ಎಣ್ಣೆಗಾಯಿಗೆ ಹಚ್ಚಿ ಬಾಯಿಗೆ ಹಾಕಿದ. ಇನ್ನೊಂದು ತುತ್ತು ಹಾಕಿದ. ಆಮೇಲೆ ಅವ್ವನ ಕಡೆ ನೋಡಿ, “ನೀ ಬಡದೀಯೇನು?” ಎಂದ.

“ನನ್ನ ರಟ್ಟ್ಯಾಗ ಎಲ್ಲಿ ಬಲ ಐತೋ? ಅಕ್ಕ ಬಡದಾಳ.”

ಅವನು ತಲೆ ತಗ್ಗಿಸಿಕೊಂಡು ಆ ರೊಟ್ಟಿ ಮುಗಿಸಿದ. ಖಾಲಿ ತಾಟನ್ನು ಅಕ್ಕನ ಕಡೆಗೆ ಸರಿಸಿ, “ಇನ್ನೊಂದ ಹಾಕು” ಎಂದ.